ಮಾಳಿಗೆಯ ಮೇಲಿಂದ ಚಂದ್ರಗ್ರಹಣ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ 2025ರ ಡಿಸೆಂಬರ್‌ನಲ್ಲಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಐವತ್ತು ತುಂಬಿದ ಈ ಶಾಲೆಯಲ್ಲಿ ನಾನು ಮೂರು ವರ್ಷ ಓದಿದವನು. ಮುಂದೆ ವಿಜ್ಞಾನ ಶಿಕ್ಷಕನಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಕಡೆ ಸೇವೆ ಮಾಡಿ ನಿವೃತ್ತನಾದೆ. ‘ಶಾಲೆ ಮತ್ತು ಸಮಾಜ’ ಎಂಬ ವಿಷಯದ ಮೇಲೆ ಮಾತಾಡಿ ಎಂದು ಸಂಘಟಕರು ಹೇಳಿದ್ದಾರೆ. ಅಷ್ಟು ದೊಡ್ಡ ವಿಷಯ ನನ್ನ ಕೈಗೆ ಎಟುಕುವುದಿಲ್ಲ. ಅದಕ್ಕೇ ಮೂರು ತಿಂಗಳ ಹಿಂದೆ ನಾವೆಲ್ಲರೂ ಕಂಡ, ಅಥವಾ ಬಾಗಿಲು ಹಾಕಿಕೊಂಡು ಕಾಣದೇ ಹೋದ, ಚಂದ್ರಗ್ರಹಣದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಶಾಲೆಯಲ್ಲಿ ಕಲಿತದ್ದು ಮನೆಯ ಹೊಸ್ತಿಲು ದಾಟಿತೋ ಇಲ್ಲವೋ ಎಂಬುದು ಗ್ರಹಣದ ದಿನ ಗೊತ್ತಾದಷ್ಟು ಬೇರೆ ದಿನ ಗೊತ್ತಾಗುವುದಿಲ್ಲ.

ಸೆಪ್ಟೆಂಬರ್ 7, ಭಾನುವಾರ, ಭಾದ್ರಪದದ ಹುಣ್ಣಿಮೆ. ರಾತ್ರಿ 9 ಗಂಟೆ 57 ನಿಮಿಷಕ್ಕೆ ಭೂಮಿಯ ದಟ್ಟ ನೆರಳು ಚಂದ್ರನ ಅಂಚನ್ನು ಮುಟ್ಟಿತು. 11 ಗಂಟೆ 1 ನಿಮಿಷಕ್ಕೆ ಚಂದ್ರ ಪೂರ್ತಿ ನೆರಳಿನೊಳಗೆ ಹೋದ. 82 ನಿಮಿಷ ಒಳಗೇ ಇದ್ದು 12 ಗಂಟೆ 23 ನಿಮಿಷಕ್ಕೆ ಹೊರಬರತೊಡಗಿದ. 1 ಗಂಟೆ 26 ನಿಮಿಷಕ್ಕೆ ಗ್ರಹಣ ಪೂರ್ತಿ ಬಿಟ್ಟಿತು. ಮೊದಲಿಂದ ಕೊನೆಯವರೆಗೆ ಇಡೀ ಗ್ರಹಣ ಭಾರತಕ್ಕೆ ಕಾಣುವ ಯೋಗವಿತ್ತು. ನಮ್ಮದು ಮಳೆ ಕಡಿಮೆಯ ಸೀಮೆ ಎಂದು ಸದಾ ಕೊರಗುತ್ತೇವೆ. ಆದರೆ ಆಕಾಶ ನೋಡುವವನಿಗೆ ಇದೇ ಸೀಮೆ ಸಿರಿವಂತ ಸೀಮೆ. ಅವತ್ತು ಮೋಡ ಬಂದು ಬಂದು ಹೋಗುತ್ತಿದ್ದವು. ನಡುನಡುವೆ ಬಾನು ತೆರೆದಾಗ ನಮ್ಮ ಮನೆಯ ಮಾಳಿಗೆಯ ಮೇಲೆ ಓಣಿಯ ಹತ್ತು ಹನ್ನೆರಡು ಮಕ್ಕಳು ಚಾಪೆ ಹಾಸಿಕೊಂಡು ಕೂತಿದ್ದರು.

ಚಂದ್ರಗ್ರಹಣ ನೋಡಲು ಏನೂ ಬೇಡ. ಸೂರ್ಯಗ್ರಹಣಕ್ಕಾದರೆ ವಿಶೇಷ ಕನ್ನಡಕ ಬೇಕೇ ಬೇಕು, ಬರಿಗಣ್ಣಲ್ಲಿ ಸೂರ್ಯನನ್ನು ನೋಡಿದರೆ ಕಣ್ಣು ಕೆಡುತ್ತದೆ. ಈ ಎರಡನ್ನೂ ನಮ್ಮ ಜನ ಒಂದೇ ಎಂದುಕೊಂಡಿದ್ದಾರೆ. ಚಂದ್ರನದು ಸೂರ್ಯನ ಬೆಳಕೇ ಬಡಿದು ಮರಳಿದ ತಣ್ಣನೆಯ ಬೆಳಕು. ಗ್ರಹಣದಲ್ಲಿ ಅದೂ ಕಡಿಮೆಯಾಗುತ್ತದೆ. ಹುಣ್ಣಿಮೆಯ ಬೆಳದಿಂಗಳಲ್ಲಿ ಕೂತು ಊಟ ಮಾಡುವವರು ಗ್ರಹಣದ ಚಂದ್ರನನ್ನು ಅದಕ್ಕಿಂತ ನಿಶ್ಚಿಂತೆಯಿಂದ ನೋಡಬಹುದು.

ಮಕ್ಕಳಿಗೆ ನಾನು ಕೊಟ್ಟದ್ದು ಮೂರೇ ಸಾಮಾನು: ಒಂದು ಗಡಿಯಾರ, ಒಂದು ನೋಟ್‌ಬುಕ್, ಒಂದು ಬಳೆ. ಬಳೆ ಇಟ್ಟು ಹಾಳೆಯ ಮೇಲೆ ವೃತ್ತ ಬರೆಯುವುದು, ಹದಿನೈದು ನಿಮಿಷಕ್ಕೊಮ್ಮೆ ನೆರಳು ಎಲ್ಲಿಗೆ ಬಂತೆಂದು ಅದರಲ್ಲಿ ಗೆರೆ ಎಳೆಯುವುದು. ಮೂರನೆಯ ಚಿತ್ರಕ್ಕೇ ಒಬ್ಬ ಹುಡುಗ ಕೇಳಿದ: “ಸರ್, ನೆರಳಿನ ಅಂಚು ಯಾಕೆ ಬಾಗೇತಿ?” ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಗ್ರೀಸ್ ದೇಶದ ಅರಿಸ್ಟಾಟಲ್ ಈ ಬಾಗಿದ ಅಂಚನ್ನೇ ತೋರಿಸಿ ಭೂಮಿ ದುಂಡಗಿದೆ ಎಂದು ವಾದಿಸಿದ್ದ. ಕ್ರಿ.ಶ. 499ರಲ್ಲಿ ನಮ್ಮ ಆರ್ಯಭಟ ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ದೊಡ್ಡ ನೆರಳು ಎಂದು ಸ್ಪಷ್ಟವಾಗಿ ಬರೆದಿಟ್ಟ. ರಾಹು ಕೇತು ಎಂದು ಜ್ಯೋತಿಷಿಗಳು ಕರೆಯುವುದು ಭೂಮಿಯಿಂದ ಕಾಣುವ ಸೂರ್ಯನ ದಾರಿ, ಚಂದ್ರನ ದಾರಿ ಒಂದನ್ನೊಂದು ದಾಟುವ ಎರಡು ಬಿಂದುಗಳನ್ನು. ಚಂದ್ರನ ದಾರಿ ಸುಮಾರು ಐದು ಡಿಗ್ರಿ ಓರೆ. ಹಾಗಾಗಿ ಪ್ರತಿ ಹುಣ್ಣಿಮೆಗೂ ಗ್ರಹಣವಾಗುವುದಿಲ್ಲ, ಆ ಬಿಂದುವಿನ ಹತ್ತಿರ ಹುಣ್ಣಿಮೆ ಬಿದ್ದಾಗ ಮಾತ್ರ ಆಗುತ್ತದೆ.

ಈಗ ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಲೆಕ್ಕಕ್ಕೆ ಸಿದ್ಧರಾಗಿ. ಚಂದ್ರನ ಮುಂದಿನ ಅಂಚು ನೆರಳನ್ನು ಮುಟ್ಟಿದ್ದು 9:57ಕ್ಕೆ, ಹಿಂದಿನ ಅಂಚು ಒಳಗೆ ಹೋದದ್ದು 11:01ಕ್ಕೆ. ಅಂದರೆ ತನ್ನ ಅಗಲದಷ್ಟು ದಾರಿ ಸಾಗಲು ಚಂದ್ರನಿಗೆ 64 ನಿಮಿಷ ಬೇಕಾಯಿತು. ಅದೇ ಮುಂದಿನ ಅಂಚು ನೆರಳಿನ ಆ ಕಡೆಗೆ ಹೊರಬಂದದ್ದು 12:23ಕ್ಕೆ. ನೆರಳನ್ನು ದಾಟಲು ತೆಗೆದುಕೊಂಡದ್ದು 146 ನಿಮಿಷ. 146ನ್ನು 64ರಿಂದ ಭಾಗಿಸಿ. ಭೂಮಿಯ ನೆರಳು ಚಂದ್ರನಿಗಿಂತ ಹತ್ತಿರ ಹತ್ತಿರ ಎರಡೂಕಾಲು ಪಟ್ಟು ಅಗಲ. ಭೂಮಿಯ ನೆರಳು ಹೋಗುತ್ತಾ ಹೋಗುತ್ತಾ ಚೂಪಾಗುತ್ತದೆ, ಚಂದ್ರನಷ್ಟು ದೂರ ಹೋಗುವಷ್ಟರಲ್ಲಿ ಸುಮಾರು ಒಂದು ಚಂದ್ರನ ಅಗಲದಷ್ಟು ಕಿರಿದಾಗಿರುತ್ತದೆ. ಅದನ್ನು ಕೂಡಿಸಿದರೆ ಭೂಮಿ ಚಂದ್ರನ ಮೂರೂಕಾಲು ಪಟ್ಟು ಎಂದಾಯಿತು. ಭೂಮಿಯ ವ್ಯಾಸ 12,742 ಕಿಲೋಮೀಟರ್. ಭಾಗಿಸಿದರೆ ಚಂದ್ರನ ವ್ಯಾಸ 3,900 ಕಿಲೋಮೀಟರ್ ಹತ್ತಿರ ಬರುತ್ತದೆ. ನಿಜವಾದ ವ್ಯಾಸ 3,474. ಚಂದ್ರ ಅವತ್ತು ನೆರಳಿನ ನಟ್ಟನಡುವೆ ಹಾಯಲಿಲ್ಲ, ಸ್ವಲ್ಪ ಪಕ್ಕದಲ್ಲಿ ಹೋದ. ಹಾಗಾಗಿ ಇಷ್ಟು ವ್ಯತ್ಯಾಸ. ಗೋಡೆ ಗಡಿಯಾರ ಹಿಡಿದು ಮಾಳಿಗೆಯ ಮೇಲೆ ಕೂತು ಚಂದ್ರನನ್ನು ಅಳೆದ ಮಕ್ಕಳು ನಮ್ಮ ಓಣಿಯವರು ಎಂದು ನನಗೆ ಹೆಮ್ಮೆ.

ಪೂರ್ಣಗ್ರಹಣದಲ್ಲಿ ಚಂದ್ರ ಕಪ್ಪಾಗುವುದಿಲ್ಲ, ತಾಮ್ರದ ಬಣ್ಣಕ್ಕೆ ತಿರುಗುತ್ತಾನೆ. ಸೂರ್ಯನ ಬೆಳಕು ಭೂಮಿಯ ಸುತ್ತಲಿನ ಗಾಳಿಯಲ್ಲಿ ಬಾಗಿ ಹಾಯುವಾಗ ನೀಲಿ ಚದುರಿ ಕೆಂಪು ಮಾತ್ರ ಉಳಿದು ಚಂದ್ರನನ್ನು ಮುಟ್ಟುತ್ತದೆ. ಆ ಹೊತ್ತಿಗೆ ಭೂಮಿಯ ಮೇಲೆ ಎಲ್ಲೆಲ್ಲಿ ಸೂರ್ಯ ಹುಟ್ಟುತ್ತಿದ್ದಾನೋ, ಎಲ್ಲೆಲ್ಲಿ ಮುಳುಗುತ್ತಿದ್ದಾನೋ ಅಷ್ಟೂ ಕಡೆಯ ಕೆಂಪು ಅದು. ಬೆಳದಿಂಗಳಲ್ಲಿ ಮರೆಯಾಗಿದ್ದ ನಕ್ಷತ್ರಗಳು ಆಗ ಒಂದೊಂದಾಗಿ ಹೊರಬರುತ್ತವೆ. ಅವತ್ತು ಚಂದ್ರನ ಸಮೀಪದಲ್ಲೇ ಶನಿಗ್ರಹವೂ ಇತ್ತು. “ಗ್ರಾಣದ ಜತಿ ಶನೀನೂ ಬಂದಾನ” ಎಂದು ಕೆಳಗಿನಿಂದ ಯಾರೋ ಅಂದರು, ಮೇಲೆ ಮಕ್ಕಳು ನಕ್ಕರು.

ಇನ್ನು ನಗಲಾಗದ ಸಂಗತಿಗೆ ಬರುತ್ತೇನೆ. ಚಂದ್ರಗ್ರಹಣಕ್ಕೆ ಒಂಬತ್ತು ಗಂಟೆ ಮೊದಲೇ ವೇಧೆ ಎನ್ನುತ್ತಾರೆ. ಆ ಲೆಕ್ಕದಲ್ಲಿ ಅವತ್ತು ಮಧ್ಯಾಹ್ನ 12:57ರಿಂದ ರಾತ್ರಿ 1:26ರವರೆಗೆ, ಹನ್ನೆರಡೂವರೆ ಗಂಟೆ ಊಟ ನೀರು ಇಲ್ಲ. ಗಟ್ಟಿಮುಟ್ಟಾದ ನನ್ನಂಥವನು ಒಂದು ದಿನ ಉಪವಾಸವಿದ್ದರೆ ಏನೂ ಆಗದು. ಆದರೆ ನಮ್ಮ ಪಕ್ಕದ ಮನೆಯಲ್ಲಿ ಏಳು ತಿಂಗಳ ಬಸುರಿ ಸೊಸೆಯಿದ್ದಳು, ನನ್ನ ಹಳೆಯ ವಿದ್ಯಾರ್ಥಿನಿ. ರಕ್ತಹೀನತೆಗೆ ಮಾತ್ರೆ ನುಂಗುತ್ತಿದ್ದವಳು. ಮಧ್ಯಾಹ್ನದಿಂದ ಕತ್ತಲ ಕೋಣೆಯಲ್ಲಿ ಮಲಗಿಸಿದ್ದಾರೆ, ನೀರೂ ಕೊಟ್ಟಿಲ್ಲ ಎಂದು ಸಂಜೆ ನನ್ನ ಹೆಂಡತಿ ಹೇಳಿದಳು. ನಾನು ಹೋಗಿ ಆಕೆಯ ಅತ್ತೆಯ ಮುಂದೆ ಕೂತೆ. ಆ ತಾಯಿ ಕೆಟ್ಟವರಲ್ಲ. ಸೊಸೆಯನ್ನು ಮಗಳಂತೆ ನೋಡಿಕೊಳ್ಳುವವರು. ಅವರು ನನಗೆ ಹೇಳಿದ ಮಾತು ಇದು: “ಮೇಷ್ಟ್ರೇ, ನೀವು ಓದ್ದೋರು, ನಿಮ್ಮ ಮಾತು ಖರೇ ಇರಬೌದು. ನಾಳೆ ಕೂಸು ತುಟಿ ಸೀಳಿ ಹುಟ್ಟಿದ್ರೆ ಊರು ನನ್ನ ಕೇಳ್ತೈತಿ, ನಿಮ್ಮನ್ನ ಕೇಳಂಗಿಲ್ಲ.”

ಬಂಧುಗಳೇ, ಮೂಢನಂಬಿಕೆ ಎಂಬ ಒಂದೇ ಪದದಲ್ಲಿ ಈ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಅದರೊಳಗೆ ಇರುವುದು ಭಯ, ಊರಿನ ಬಾಯಿಯ ಭಯ. ನಾನು ಹೇಳಿದೆ: “ಅಕ್ಕಾ, ತುಟಿ ರೂಪುಗೊಳ್ಳುವುದು ಬಸುರಿನ ಮೊದಲ ಎರಡು ಮೂರು ತಿಂಗಳಲ್ಲಿ. ಏಳನೇ ತಿಂಗಳಲ್ಲಿ ಅದು ಮುಗಿದ ಕೆಲಸ. ಈ ಗ್ರಹಣ ಇವತ್ತು ರಾತ್ರಿ ಇರುವ ಅರ್ಧ ಭೂಮಿಗೆ ಕಾಣುತ್ತದೆ. ಅಲ್ಲೆಲ್ಲ ಎಷ್ಟು ಬಸುರಿಯರು ಉಂಡು ತಿರುಗಾಡುತ್ತಿಲ್ಲ? ನಿಮ್ಮ ಪಂಚಾಂಗವನ್ನೇ ಕೇಳಿ, ಮಕ್ಕಳು, ಮುದುಕರು, ಬೇನೆಯವರು, ಬಸುರಿಯರಿಗೆ ಅದರಲ್ಲೂ ರಿಯಾಯಿತಿ ಉಂಟು.” ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಎದ್ದರು. ರೊಟ್ಟಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ ತಂದರು. ಎಲ್ಲದರ ಮೇಲೂ ಒಂದೊಂದು ಗರಿಕೆ ಇಟ್ಟರು. ಗರಿಕೆ ಬೇಡ ಎಂದು ನಾನು ಅನ್ನಲಿಲ್ಲ. ಹುಡುಗಿ ಉಂಡಳು, ಎರಡು ಲೋಟ ನೀರು ಕುಡಿದಳು. ನವೆಂಬರ್‌ನಲ್ಲಿ ತಾಯಿ ಮಗು ಕ್ಷೇಮವಾಗಿ ಮನೆಗೆ ಬಂದರು. ಒಂದು ಹೆರಿಗೆಯನ್ನು ಪುರಾವೆ ಎಂದು ವಿಜ್ಞಾನ ಒಪ್ಪುವುದಿಲ್ಲ, ನಾನೂ ಹಾಗೆ ಹೇಳುವುದಿಲ್ಲ. ಹಸಿದ ಬಸುರಿಗೆ ಅನ್ನ ಸಿಕ್ಕಿತು, ಅಷ್ಟು ಸಾಕು.

ಪರಾತದ ನೀರಿನಲ್ಲಿ ಗ್ರಹಣದ ಹೊತ್ತಿಗೆ ಒನಕೆ ತಾನೇ ನಿಲ್ಲುತ್ತದೆ ಎಂಬ ಮಾತೂ ಇದೆ. ಬುಡ ಸಮವಾಗಿದ್ದರೆ ಯಾವ ದಿನವಾದರೂ ನಿಲ್ಲುತ್ತದೆ. ಹರಪನಹಳ್ಳಿಯಲ್ಲಿದ್ದಾಗ ಒಂದು ಬುಧವಾರ ತರಗತಿಯಲ್ಲೇ ನಿಲ್ಲಿಸಿ ತೋರಿಸಿದ್ದೆ. ಇದರಿಂದ ಯಾರಿಗೂ ನಷ್ಟವಿಲ್ಲ. ನನಗೆ ಸಂಕಟವಾಗುವುದು ಮರುದಿನದ ಬೆಳಗಿನದು. ಗ್ರಹಣಕ್ಕೆ ಮೊದಲು ತುಂಬಿಟ್ಟ ನೀರನ್ನೆಲ್ಲ ಚೆಲ್ಲುತ್ತೇವೆ. ಕೊಡ, ಹಂಡೆ, ಬಾನಿ ಎಲ್ಲ ಬರಿದು. ಕೂಡ್ಲಿಗಿ, ಕೊಟ್ಟೂರು ಸೀಮೆಯಲ್ಲಿ ಬೇಸಿಗೆಯಲ್ಲಿ ಒಂದು ಕೊಡ ನೀರಿಗಾಗಿ ಹೆಣ್ಣುಮಕ್ಕಳು ಸರದಿ ನಿಂತದ್ದನ್ನು ನಾನು ಕಂಡಿದ್ದೇನೆ. ನೀರು ಬರುವ ದಿನ ಶಾಲೆಗೆ ತಡವಾಗಿ ಬಂದ ಹುಡುಗಿಯರ ಹೆಸರು ಹಾಜರಿ ಪುಸ್ತಕದಲ್ಲಿ ಬರೆದಿದ್ದೇನೆ. ಆ ನೀರನ್ನು ನೆರಳು ಬಿತ್ತೆಂದು ಚೆಲ್ಲುವುದು ಯಾವ ಧರ್ಮ?

ನಮ್ಮ ಹಿರಿಯರು ಗ್ರಹಣದ ದಿನ ಏನು ಮಾಡುತ್ತಿದ್ದರು ಎಂಬುದು ಕಲ್ಲಿನ ಮೇಲಿದೆ. ಕನ್ನಡ ನಾಡಿನ ನೂರಾರು ಶಾಸನಗಳಲ್ಲಿ ಸೋಮಗ್ರಹಣ, ಸೂರ್ಯಗ್ರಹಣದ ದಿನ ಕೊಟ್ಟ ದಾನಗಳ ಉಲ್ಲೇಖವಿದೆ. ದೇವಾಲಯಕ್ಕೆ, ಕೆರೆಗೆ, ವಿದ್ಯೆ ಕಲಿಸುವವರಿಗೆ, ಹಸಿದವರ ಅನ್ನಕ್ಕೆ ಭೂಮಿ ಬಿಟ್ಟಿದ್ದಾರೆ. ಗ್ರಹಣದ ಲೆಕ್ಕ ತಪ್ಪುವುದಿಲ್ಲವಾದ್ದರಿಂದ ಇತಿಹಾಸಕಾರರು ಅಂಥ ಶಾಸನಗಳ ತೇದಿಯನ್ನು ಪರೀಕ್ಷಿಸುತ್ತಾರೆ. ಈ ಕೆಲಸಕ್ಕೆ ಕೋಷ್ಟಕ ಮಾಡಿಕೊಟ್ಟವರಲ್ಲಿ ರಾಬರ್ಟ್ ಸಿವೆಲ್ ಒಬ್ಬರು. ಹಂಪಿಯ ಚರಿತ್ರೆ ಬರೆದ ಅದೇ ಸಿವೆಲ್. ನಮ್ಮ ತಾಲ್ಲೂಕುಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದಾಗ ಇಲ್ಲಿ ಕಲೆಕ್ಟರ್ ಆಗಿದ್ದವರು. 1896ರಲ್ಲಿ ಶಂಕರ ಬಾಲಕೃಷ್ಣ ದೀಕ್ಷಿತರ ಜೊತೆ ಭಾರತೀಯ ಪಂಚಾಂಗದ ಬಗ್ಗೆ ದೊಡ್ಡ ಗ್ರಂಥ ಬರೆದು, 1898ರಲ್ಲಿ ಭಾರತದ ಚಂದ್ರಗ್ರಹಣಗಳ ಮೇಲೆಯೇ ಇನ್ನೊಂದು ಪುಸ್ತಕ ಹೊರತಂದರು. ಯೋಚಿಸಿ, ಅವರು ಗ್ರಹಣದ ದಿನ ಕೆರೆಗೆ ಭೂಮಿ ಬಿಟ್ಟರು, ನಾವು ಕೊಡದ ನೀರು ಚೆಲ್ಲುತ್ತೇವೆ. ಹಿರಿಯರ ದಾರಿಯಲ್ಲಿ ನಡೆಯಬೇಕೆಂದರೆ ಕೊಡುವುದನ್ನು ಉಳಿಸಿಕೊಳ್ಳೋಣ, ಚೆಲ್ಲುವುದನ್ನು ಬಿಡೋಣ.

ಅದೇ ಕಾರಣಕ್ಕೆ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವವರು ಕಟ್ಟಿಸಲಿ. ಜೊತೆಗೆ ಶಾಲೆಗೆ ಒಂದು ಒಳ್ಳೆಯ ದೂರದರ್ಶಕ, ಮಕ್ಕಳಿಗೆ ಕುಡಿಯುವ ನೀರಿನ ಒಂದು ತೊಟ್ಟಿ ಕೊಡೋಣ. ನನ್ನ ಪಾಲಿನ ಹಣವನ್ನು ಮುಖ್ಯಗುರುಗಳ ಕೈಗೆ ಇವತ್ತೇ ಒಪ್ಪಿಸುತ್ತಿದ್ದೇನೆ.

ಮಕ್ಕಳೇ, ನಿಮಗೆ ಎರಡು ದಿನಾಂಕ ಬರೆಸುತ್ತೇನೆ. ಬರುವ 2026ರ ಮಾರ್ಚ್ 3, ಹೋಳಿ ಹುಣ್ಣಿಮೆ. ಅವತ್ತು ನಮ್ಮಲ್ಲಿ ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿರುತ್ತದೆ, ಸಂಜೆ 6:47ಕ್ಕೆ ಬಿಡುತ್ತದೆ. ಸಿಗುವುದು ಕಾಲು ಗಂಟೆಯಷ್ಟೇ, ಮೂಡಣ ದಿಕ್ಕಿಗೆ ಮರ, ಗುಡ್ಡ ಅಡ್ಡವಿರದ ಜಾಗ ಹುಡುಕಿಕೊಳ್ಳಿ. ಎರಡನೆಯದು 2028ರ ಡಿಸೆಂಬರ್ 31, ಪೂರ್ಣ ಚಂದ್ರಗ್ರಹಣ. ಹಬ್ಬಕ್ಕೆ ಕೇಕ್ ಕತ್ತರಿಸುವ ಮೊದಲೇ, ರಾತ್ರಿ ಹತ್ತೂಕಾಲರ ಸುಮಾರಿಗೆ ಅದರ ನಡುಘಟ್ಟ. ಮಳೆಗಾಲವಲ್ಲ, ನಮ್ಮ ಸೀಮೆಯ ಬಾನು ತಿಳಿಯಾಗಿರುವ ಕಾಲ. ಇವತ್ತು ಎಂಟನೇ ತರಗತಿಯಲ್ಲಿರುವವರು ಆಗ ಪಿಯುಸಿ ಮೊದಲ ವರ್ಷದಲ್ಲಿರುತ್ತೀರಿ. ಅವತ್ತು ಅವ್ವನನ್ನೂ ಅಜ್ಜಿಯನ್ನೂ ಕೈಹಿಡಿದು ಮಾಳಿಗೆ ಹತ್ತಿಸಿ. ವಾದ ಮಾಡಬೇಡಿ, ತೋರಿಸಿ. ಮನೆಯಲ್ಲಿ ಬಸುರಿ ಇದ್ದರೆ ಮೊದಲು ಆಕೆಗೆ ಉಣ್ಣಲು ಕೊಡಿ.