ರೋಡ್ಸ್ ಹಳೇ ಪಟ್ಟಣ: ಕೋಟೆಯೊಳಗೆ ಒಂದು ಸುತ್ತು

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳಿಗಾಗಿ ಮಾಡಿದ ಭಾಷಣ)



ಇಂದು ನಿಮ್ಮನ್ನು ಒಂದು ಊರಿಗೆ ಕರೆದುಕೊಂಡು ಹೋಗುತ್ತೇನೆ. ಟಿಕೆಟ್ ಬೇಡ, ವೀಸಾ ಬೇಡ. ನಾನೂ ಅಲ್ಲಿಗೆ ಹೋದವಳಲ್ಲ; ಪುಸ್ತಕ, ನಕ್ಷೆ, ಚಿತ್ರಗಳ ಮೂಲಕ ಅದರ ಬೀದಿಗಳನ್ನು ಸುತ್ತಿದವಳು. ಊರಿನ ಹೆಸರು ರೋಡ್ಸ್. ದ್ವೀಪಕ್ಕೂ ಅದೇ ಹೆಸರು, ಅದರ ಮುಖ್ಯ ಪಟ್ಟಣಕ್ಕೂ ಅದೇ ಹೆಸರು. ಗ್ರೀಸ್ ದೇಶಕ್ಕೆ ಸೇರಿದ್ದರೂ ಟರ್ಕಿಯ ಕರಾವಳಿ ಅಲ್ಲಿಂದ ಸುಮಾರು 18 ಕಿಲೋಮೀಟರ್ ಮಾತ್ರ. ಹಳೇ ಪಟ್ಟಣದ ಸುತ್ತ ಸುಮಾರು 4 ಕಿಲೋಮೀಟರ್ ಉದ್ದದ ಕೋಟೆಗೋಡೆ ಇದೆ. 1988ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೋಟೆಯೊಳಗೆ ಇಂದಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ.

ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ನೀವು ಈ ಹೆಸರನ್ನು ಓದಿದ್ದೀರಿ. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾದ ಕಂಚಿನ ಬೃಹತ್ ಪ್ರತಿಮೆ ಇದ್ದದ್ದು ಇಲ್ಲೇ. ಅದು ಕ್ರಿ.ಪೂ. 226ರ ಸುಮಾರಿಗೆ ಭೂಕಂಪದಲ್ಲಿ ಉರುಳಿತು. ಅದರ ಕಾಲುಗಳ ನಡುವೆ ಹಡಗುಗಳು ಹೋಗುತ್ತಿದ್ದ ಚಿತ್ರ ನಂತರದವರ ಕಲ್ಪನೆ. ಈಗ ಅಲ್ಲಿ ಅದನ್ನು ಹುಡುಕಿದರೆ ಏನೂ ಸಿಗದು. ಆದ್ದರಿಂದ ನಾವು ಕೋಟೆಯ ಒಳಗೆ ಹೋಗೋಣ.

ಮೊದಲು ನೈಟ್‌ಗಳ ಬೀದಿ. ಕಲ್ಲು ಹಾಸಿದ, ಏರುತ್ತಾ ಹೋಗುವ ನೇರ ಬೀದಿ. ಸೇಂಟ್ ಜಾನ್ ಪಂಥದ ಕ್ರೈಸ್ತ ನೈಟ್‌ಗಳು 1309ರಿಂದ 1522ರವರೆಗೆ ಇಲ್ಲಿ ಆಳಿದರು. ಬೇರೆ ಬೇರೆ ದೇಶಗಳಿಂದ ಬಂದ ಅವರು ತಮ್ಮನ್ನು ‘ನಾಲಿಗೆ’ಗಳಾಗಿ, ಅಂದರೆ ಭಾಷೆಗಳ ಪ್ರಕಾರ ಗುಂಪು ಮಾಡಿಕೊಂಡಿದ್ದರು. ಫ್ರಾನ್ಸಿನವರಿಗೆ ಒಂದು ಛತ್ರ, ಇಟಲಿಯವರಿಗೆ ಒಂದು, ಸ್ಪೇನಿನವರಿಗೆ ಒಂದು. ಭಾಷೆ ಕಲಿಸುವವಳಾದ ನನಗೆ ಈ ಏರ್ಪಾಡು ಬಹಳ ಹಿಡಿಸಿತು. ಕ್ರುಸೇಡ್ ಎಂದರೆ ನಮಗೆ ಕತ್ತಿ ಮಾತ್ರ ನೆನಪಾಗುತ್ತದೆ. ಆದರೆ ಈ ಪಂಥ ಹುಟ್ಟಿದ್ದು ಜೆರುಸಲೇಮಿಗೆ ಬರುವ ಯಾತ್ರಿಕರ ಆರೈಕೆಗಾಗಿ. ಬೀದಿಯ ಕೆಳತುದಿಯಲ್ಲಿ ಅವರ ದೊಡ್ಡ ಆಸ್ಪತ್ರೆ ಇದೆ. 1440ರಲ್ಲಿ ಕಟ್ಟಲು ಶುರುಮಾಡಿ 1489ರಲ್ಲಿ ಮುಗಿಸಿದರು. ಈಗ ಅದು ಪುರಾತತ್ವ ವಸ್ತುಸಂಗ್ರಹಾಲಯ. ಬೀದಿಯ ಮೇಲ್ತುದಿಯಲ್ಲಿ ಅವರ ಮುಖ್ಯಸ್ಥನ ಅರಮನೆ. ಅದು 1856ರ ಸಿಡಿಮದ್ದಿನ ಸ್ಫೋಟದಲ್ಲಿ ಹಾಳಾಗಿ, ನಂತರ ಇಟಲಿಯವರ ಕಾಲದಲ್ಲಿ ಮತ್ತೆ ಎದ್ದದ್ದು. ಪ್ರವಾಸಿಗರು ಹೆಚ್ಚು ಫೋಟೋ ತೆಗೆಯುವುದು ಅದನ್ನೇ. ನನಗೇನೋ ಆಸ್ಪತ್ರೆಯೇ ಹೆಚ್ಚು.

1522ರಲ್ಲಿ ಸುಲ್ತಾನ್ ಸುಲೈಮಾನ್ ಈ ಕೋಟೆಯನ್ನು ಮುತ್ತಿದರು. ಸುಮಾರು ಆರು ತಿಂಗಳು ಯುದ್ಧ ನಡೆಯಿತು. ಕೊನೆಗೆ ನೈಟ್‌ಗಳು ಶರಣಾದಾಗ ಸುಲ್ತಾನರು ಉದಾರವಾದ ಷರತ್ತುಗಳನ್ನು ಕೊಟ್ಟರು. ನೈಟ್‌ಗಳು 12 ದಿನಗಳೊಳಗೆ ಆಯುಧ, ಸಾಮಾನುಗಳ ಸಮೇತ ಹೊರಡಬಹುದು. ಊರವರಿಗೆ ಐದು ವರ್ಷ ಕಂದಾಯವಿಲ್ಲ. ಚರ್ಚ್‌ಗಳನ್ನು ಮಸೀದಿಯಾಗಿ ಮಾಡುವುದಿಲ್ಲ. 1523ರ ಜನವರಿ 1ರಂದು ಸೋತ ನೈಟ್‌ಗಳು ಹಡಗು ಹತ್ತಿ ಹೊರಟರು.

ಇದನ್ನು ಹೇಳುವಾಗ ನಮ್ಮ ಎದೆ ಉಬ್ಬುತ್ತದೆ. ಉಬ್ಬಲಿ, ತಪ್ಪಿಲ್ಲ. ಆದರೆ ಅರ್ಧ ಇತಿಹಾಸ ಹೇಳಿ ನಿಲ್ಲಿಸುವುದು ಶಿಕ್ಷಕರಿಗೆ ಸಲ್ಲದು. ಆಮೇಲೆ ಅದೇ ಊರಿನ ಹಲವು ಚರ್ಚ್‌ಗಳು ಮಸೀದಿಗಳಾದವು. ಗ್ರೀಕ್ ಕ್ರೈಸ್ತರು ಕೋಟೆಯೊಳಗೆ ವಾಸಿಸುವಂತಿರಲಿಲ್ಲ. ಹಗಲು ಬಂದು ವ್ಯಾಪಾರ ಮಾಡಬಹುದು, ಸೂರ್ಯ ಮುಳುಗುವಾಗ ಹೊರಗೆ ಹೋಗಬೇಕು. ತಮ್ಮ ಊರಿನ ಬಾಗಿಲು ಸಂಜೆ ತಮ್ಮ ಹಿಂದೆಯೇ ಮುಚ್ಚಿಕೊಳ್ಳುವುದನ್ನು ಕೇಳುತ್ತಾ ಮನೆಗೆ ನಡೆದವರ ಮನಸ್ಸು ಹೇಗಿದ್ದೀತು?

ಇನ್ನು ಸಾಕ್ರೆಟಿಸ್ ಬೀದಿ. ಇದು ಪೇಟೆ, ಎರಡೂ ಕಡೆ ಅಂಗಡಿಗಳು. ಮೇಲೆ ಹತ್ತಿದರೆ ಸುಲೈಮಾನ್ ಮಸೀದಿ. ಈಗ ಕಾಣುವ ನಸುಗೆಂಪು ಬಣ್ಣದ ಕಟ್ಟಡ 1808ರಲ್ಲಿ ಮರುನಿರ್ಮಾಣವಾದದ್ದು. ಅದರ ಎದುರಿಗೆ ಒಂದು ಸಣ್ಣ ಬಾಗಿಲು, ಒಳಗೆ ಅಂಗಳ. ದಯವಿಟ್ಟು ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಇದು ಹಾಫಿಝ್ ಅಹ್ಮದ್ ಆಗಾ ಅವರ ಗ್ರಂಥಾಲಯ. 1793ರಲ್ಲಿ ವಕ್ಫ್ ಆಗಿ ಸ್ಥಾಪನೆಯಾಯಿತು. ಟರ್ಕಿ ಭಾಷೆಯಲ್ಲಿ ಗ್ರಂಥಾಲಯಕ್ಕೆ ‘ಕುತುಪ್‌ಹಾನೆ’ ಎನ್ನುತ್ತಾರೆ. ಉರ್ದು ಓದುವ ಮಕ್ಕಳೇ, ನಿಮಗೆ ಅರ್ಥವಾಯಿತಲ್ಲವೇ? ಅದು ನಮ್ಮ ‘ಕುತುಬ್‌ಖಾನಾ’. ಅಲ್ಲಿರುವ ಹಸ್ತಪ್ರತಿಗಳು ಅರಬ್ಬಿ, ಫಾರ್ಸಿ ಮತ್ತು ಹಳೆಯ ಉಸ್ಮಾನಿ ಟರ್ಕಿ ಭಾಷೆಯವು. ಲಿಪಿ ನಿಮಗೆ ಗೊತ್ತಿರುವುದೇ. ಅರ್ಥವಾಗದಿದ್ದರೂ ಅಕ್ಷರ ಕೂಡಿಸಿ ಓದಬಲ್ಲಿರಿ.

ಆ ಬಾಗಿಲಿನ ಹೊರಗೆ ಎಷ್ಟು ಬಾವುಟಗಳು ಬದಲಾದವು ನೋಡಿ. 1912ರಲ್ಲಿ ಇಟಲಿ ಬಂತು. 1943ರಲ್ಲಿ ಜರ್ಮನರು, 1945ರಲ್ಲಿ ಬ್ರಿಟಿಷರು, 1947ರಲ್ಲಿ ಗ್ರೀಸ್. ಪುಸ್ತಕಗಳು ಮಾತ್ರ ಅಲ್ಲೇ ಉಳಿದವು. ಹಾಫಿಝ್ ಸಾಹೇಬರ ಮಗ ಅಹ್ಮದ್ ಫೆತಿ ಪಾಷಾ ಇದೇ ಊರಿನಲ್ಲಿ ಗಡಿಯಾರದ ಗೋಪುರ ಕಟ್ಟಿಸಿದರು. ಹತ್ತಿ ನೋಡಿದರೆ ಇಡೀ ಪಟ್ಟಣ ಕಾಣುತ್ತದೆ.

ಪೂರ್ವಕ್ಕೆ ನಡೆದರೆ ಯಹೂದಿಗಳ ಕೇರಿ. 1577ರ ಕಹಾಲ್ ಶಾಲೋಮ್ ಸಿನಗಾಗ್ ಇನ್ನೂ ಇದೆ, ಆದರೆ ಕೇರಿಯ ಜನ ಇಲ್ಲ. 1944ರ ಜುಲೈನಲ್ಲಿ ಜರ್ಮನರು ರೋಡ್ಸ್‌ನ 1,600ಕ್ಕೂ ಹೆಚ್ಚು ಯಹೂದಿಗಳನ್ನು ಹಡಗಿಗೆ ತುಂಬಿ ಆಶ್ವಿಟ್ಜ್ ಕಡೆಗೆ ಸಾಗಿಸಿದರು. ಬದುಕಿ ಉಳಿದವರು ಸುಮಾರು 150 ಜನ. ಆಗ ಅಲ್ಲಿ ಟರ್ಕಿಯ ಕಾನ್ಸುಲ್ ಆಗಿದ್ದ ಸಲಾಹತ್ತಿನ್ ಉಲ್ಕುಮೆನ್ ಎಂಬ ಯುವಕ ಜರ್ಮನ್ ಅಧಿಕಾರಿಯ ಎದುರು ನಿಂತು, ಇವರಲ್ಲಿ ನಮ್ಮ ದೇಶದ ನಾಗರಿಕರಿದ್ದಾರೆ, ಬಿಡಿ ಎಂದರು. ಅವರ ಗಂಡ, ಹೆಂಡತಿಯರೂ ನಮ್ಮ ಕಾನೂನಿನ ಪ್ರಕಾರ ನಾಗರಿಕರೇ ಎಂದು ವಾದಿಸಿದರು. ಅಂಥ ಕಾನೂನೇ ಇರಲಿಲ್ಲ! 40ಕ್ಕೂ ಹೆಚ್ಚು ಜೀವಗಳು ಉಳಿದವು. 1989ರಲ್ಲಿ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಅವರನ್ನು ಗೌರವಿಸಿತು. ಆ ಕೇರಿಯ ಚೌಕದಲ್ಲಿ ಕಪ್ಪು ಕಲ್ಲಿನ ಸ್ಮಾರಕವಿದೆ. ಸುತ್ತಲೂ ಹೋಟೆಲುಗಳ ಗದ್ದಲ. ಎಷ್ಟೋ ಜನ ನೋಡದೇ ಹೋಗುತ್ತಾರಂತೆ.

ಈಗ ಕೊನೆಯ ನಿಲ್ದಾಣ, ಇಬ್ರಾಹಿಂ ಪಾಷಾ ಮಸೀದಿ. 16ನೇ ಶತಮಾನದ್ದು, ಇಂದಿಗೂ ನಮಾಜ್ ನಡೆಯುವ ಮಸೀದಿ. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಧರ್ಮದ ಲೆಕ್ಕದಲ್ಲಿ ಜನರನ್ನೇ ಅದಲುಬದಲು ಮಾಡಿಕೊಂಡವು. ರೋಡ್ಸ್ ಆಗ ಇಟಲಿಯ ಕೈಯಲ್ಲಿದ್ದುದರಿಂದ ಇಲ್ಲಿಯ ಮುಸ್ಲಿಮರು ಊರು ಬಿಡಬೇಕಾಗಲಿಲ್ಲ. ಅವರ ಸಣ್ಣ ಸಮುದಾಯ ಗ್ರೀಕ್ ಪ್ರಜೆಗಳಾಗಿ ಇಂದಿಗೂ ಅಲ್ಲಿದೆ. ಆದರೆ ಅವರ ಶಾಲೆಗಳಲ್ಲಿ ಟರ್ಕಿ ಭಾಷೆಯ ಬೋಧನೆ 1972ರಲ್ಲಿ ನಿಂತುಹೋಯಿತು. 2012ರಲ್ಲಿ ಯುರೋಪ್ ಪರಿಷತ್ತಿನ ಸಂಸದೀಯ ಸಭೆ ಕೂಡ ಇವರ ಸ್ಥಿತಿಯ ಬಗ್ಗೆ ಚರ್ಚಿಸಿ ನಿರ್ಣಯ ಮಾಡಿತು. ಇಡೀ ರೋಡ್ಸ್‌ನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕೋಟೆಯಲ್ಲ, ಈ 1972. ಇದೇ ಊರಿಗೆ 1873ರಲ್ಲಿ ಗಡೀಪಾರಾಗಿ ಬಂದ ಟರ್ಕಿಯ ಲೇಖಕ ಅಹ್ಮದ್ ಮಿದ್ಹತ್ ಸುಮ್ಮನೆ ಕೂರದೆ ಊರಿನ ಮಕ್ಕಳಿಗಾಗಿ ಒಂದು ಶಾಲೆ ತೆರೆದಿದ್ದರು. ಸುಮಾರು ನೂರು ವರ್ಷದ ಅಂತರದಲ್ಲಿ ಒಂದೇ ಊರು ಎರಡನ್ನೂ ಕಂಡಿತು. ಅಜ್ಜಿಯ ಮಾತು ಮನೆಯಲ್ಲಿ ಉಳಿದಿರಬಹುದು; ಅದನ್ನು ಬರೆಯಲು ಮಗುವಿಗೆ ಕಲಿಸುವವರು ಯಾರು?

ಸಮಯ ಮುಗಿಯಿತೆಂದು ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಊರಿನ ನಕ್ಷೆಯನ್ನೂ ಗ್ರಂಥಾಲಯದ ಚಿತ್ರಗಳನ್ನೂ ಹಿಂದಿನ ಮೇಜಿನ ಮೇಲೆ ಇಟ್ಟಿದ್ದೇನೆ. ಊಟಕ್ಕೆ ಹೋಗುವ ಮುಂಚೆ ಬಂದು ನೋಡಿ, ಕೇಳುವುದಿದ್ದರೆ ಅಲ್ಲೇ ಕೇಳಿ.