ಹೊಲದ ಹಕ್ಕು, ಮನೆಯ ಹಕ್ಕು



ಕಲಬುರಗಿ ಸೀಮೆಯಲ್ಲಿ ತೊಗರಿ ರಾಶಿ ನಡೆಯುವ ದಿನಗಳನ್ನು ನೆನಪಿಗೆ ತಂದುಕೊಳ್ಳಿ. ಚಿತ್ತಾಪುರ ತಾಲ್ಲೂಕಿನ ನಾಲವಾರದಂಥ ಊರಿನ ಅಂಚಿನಲ್ಲಿ ಒಂದು ಹೊಲವಿದೆ ಎಂದುಕೊಳ್ಳೋಣ. ರೈತ ಅಲ್ಲಿಯೇ ಕಣ ಮಾಡುತ್ತಾನೆ, ದನ ಕಟ್ಟುತ್ತಾನೆ, ತಿಪ್ಪೆ ಹಾಕುತ್ತಾನೆ. ಪಕ್ಕದ ಹೊಲ ನಿವೇಶನಗಳಾಗಿ ಅಲ್ಲಿ ಮನೆಗಳು ಏಳುತ್ತವೆ. "ರಾಶಿಯ ಧೂಳಿಗೆ ಮಕ್ಕಳು ಕೆಮ್ಮುತ್ತಾರೆ" ಎಂದು ಮನೆಯವರ ದೂರು. "ಮೊದಲಿನಿಂದ ಇರುವವನು ನಾನು, ರಾಶಿ ಎಲ್ಲಿ ಮಾಡಲಿ?" ಎಂದು ರೈತನ ಪ್ರಶ್ನೆ. ಇಬ್ಬರ ಮಾತಿನಲ್ಲೂ ಸತ್ಯವಿದೆ.

ಕಾನೂನು ಏನು ಹೇಳುತ್ತದೆ? 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ, ಬೇಸಾಯಕ್ಕೆ ಬೇಕಾದ ಕಟ್ಟಡ, ಬಾವಿಗಳನ್ನು ತನ್ನ ಹೊಲದಲ್ಲಿ ಮಾಡಿಕೊಳ್ಳುವ ಹಕ್ಕು ರೈತನಿಗಿದೆ. ಅದೇ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಜಿಲ್ಲಾಧಿಕಾರಿಯ ಅನುಮತಿ ಬೇಕೆಂಬುದು ಮೂಲ ನಿಯಮ. ನಗರ ಯೋಜನೆಯಿರುವ ಪ್ರದೇಶಗಳಲ್ಲಿ ಈ ವಿಧಾನವನ್ನು ಈಚೆಗೆ ಸರಳಗೊಳಿಸಲಾಗಿದೆ. ವಾಸದ ವಲಯ, ಕೃಷಿ ವಲಯ ಎಂದು ಗುರುತಿಸುವ ಇಂಥ ಯೋಜನೆಗಳಿಗೆ ಆಧಾರ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ.

ಇದರ ತಿರುಳು ಇಷ್ಟು: ಬೇಸಾಯ ಮೊದಲಿನಿಂದ ಇರುವ ಬಳಕೆ, ಮನೆ ಹೊಸ ಬಳಕೆ. ಆದ್ದರಿಂದ ಬದಲಾವಣೆ ತರುವವರೇ ಮೊದಲು ಯೋಚಿಸಬೇಕು. ಅಮೆರಿಕದ 50 ರಾಜ್ಯಗಳಲ್ಲೂ ಮೊದಲಿನಿಂದ ನಡೆಯುತ್ತಿರುವ ಬೇಸಾಯವನ್ನು ಹೊಸ ನೆರೆಯವರ ದಾವೆಗಳಿಂದ ಕಾಯುವ ಕಾನೂನುಗಳಿವೆ.

ಹಾಗೆಂದು ಮೊದಲಿಗನಾದ ಮಾತ್ರಕ್ಕೆ ನೆರೆಯವರ ಆರೋಗ್ಯ ಕೆಡಿಸುವ ಹಕ್ಕು ಯಾರಿಗೂ ಬರುವುದಿಲ್ಲ. ಸಾರ್ವಜನಿಕರಿಗೆ ಉಪದ್ರವವಾದರೆ ಅದನ್ನು ನಿವಾರಿಸುವಂತೆ ಆದೇಶಿಸಲು 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು ದಂಡಾಧಿಕಾರಿಗೆ ಅಧಿಕಾರ ಕೊಟ್ಟಿದೆ.

ಆದರೆ ಜಗಳ ಅಲ್ಲಿಯವರೆಗೆ ಏಕೆ ಹೋಗಬೇಕು? ಬಡಾವಣೆಯ ನಕ್ಷೆ ಬರೆಯುವಾಗಲೇ ಹೊಲಕ್ಕೂ ಮನೆಗೂ ನಡುವೆ ರಸ್ತೆ ಬಿಡಬಹುದು, ಬೇವು, ಹೊಂಗೆಯ ಸಾಲು ನೆಡಬಹುದು. ರೈತನ ಬಂಡಿದಾರಿ ಮುಚ್ಚದಂತೆ ನೋಡಿಕೊಳ್ಳಬಹುದು. ರೈತನೂ ಗಾಳಿಯ ದಿಕ್ಕು ನೋಡಿ ರಾಶಿ ಮಾಡಬಹುದು, ತಿಪ್ಪೆಯನ್ನು ಕುಡಿಯುವ ನೀರಿನ ಬಾವಿಯಿಂದ ದೂರ ಇಡಬಹುದು. ಮನೆಯವರೂ ರಾಶಿಯ ನಾಲ್ಕು ದಿನ ಸಹಿಸಿಕೊಳ್ಳಬೇಕು; ಅವರು ಉಣ್ಣುವ ಬೇಳೆ ಬರುವುದು ಆ ಕಣದಿಂದಲೇ.

ಇದನ್ನು ಮಾತಾಡಿ ತೀರ್ಮಾನಿಸಲು ಒಳ್ಳೆಯ ಸ್ಥಳ ಗ್ರಾಮಸಭೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪಂಚಾಯಿತಿಯ ಮತದಾರರೆಲ್ಲರೂ ಅದರ ಸದಸ್ಯರು. ಹದಿನೆಂಟು ತುಂಬಿ ಮತದಾರರ ಪಟ್ಟಿಗೆ ಸೇರಿದ ಕಾಲೇಜು ವಿದ್ಯಾರ್ಥಿಯೂ ಅಲ್ಲಿ ಎದ್ದು ನಿಂತು ಮಾತಾಡಬಹುದು.

ಈ ರಜೆಯಲ್ಲಿ ನಿಮ್ಮೂರಿನ ಅಂಚಿಗೆ ಹೋಗಿ ನೋಡಿ. ಕೊನೆಯ ಮನೆ ಎಲ್ಲಿ ಮುಗಿಯುತ್ತದೆ, ಮೊದಲ ಹೊಲ ಎಲ್ಲಿ ಆರಂಭವಾಗುತ್ತದೆ, ನಡುವೆ ಎಷ್ಟು ಜಾಗ ಉಳಿದಿದೆ ಎಂದು ಒಂದು ನಕ್ಷೆ ಬರೆಯಿರಿ. ಮುಂದಿನ ಗ್ರಾಮಸಭೆಗೆ ಅದನ್ನೇ ತೆಗೆದುಕೊಂಡು ಹೋಗಿ.