ಕೋಚ್ ಕೊಟ್ಟ ಜಿನ್ಸೆಂಗ್



ಉದ್ದೀಪನ ಮದ್ದು ಎಂದೊಡನೆ ಬೆನ್ ಜಾನ್ಸನ್, ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಹೆಸರು ಬರುತ್ತದೆ. ನಾನು ಜನ್ಸಾಲೆಯಿಂದ ಶುರುಮಾಡುತ್ತೇನೆ. ಸಿದ್ದಾಪುರದ ಬದಿಯ ಊರು, ನಿಮಗೆ ದಾರಿ ಹೇಳಬೇಕಾಗಿಲ್ಲ.

ಆ ಊರಿನ ಅಶ್ವಿನಿ ಅಕ್ಕುಂಜಿ 2010ರ ಅಕ್ಟೋಬರ್‌ನಲ್ಲಿ ದಿಲ್ಲಿ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಮರುತಿಂಗಳು ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲೂ ರಿಲೇಯಲ್ಲೂ ಚಿನ್ನ. ಕುಂದಾಪುರ ತಾಲ್ಲೂಕಿನ ಹುಡುಗಿ ಏಷ್ಯಾದ ಮೊದಲ ಸ್ಥಾನದಲ್ಲಿ! ವರ್ಷ ತುಂಬುವುದರೊಳಗೆ, 2011ರಲ್ಲಿ, ಅವರ ಮೂತ್ರದ ಮಾದರಿಯಲ್ಲಿ ಮೆಥಾಂಡೈನೋನ್ ಸಿಕ್ಕಿತು. ಸ್ನಾಯು ಬೆಳೆಸುವ ಸ್ಟೀರಾಯ್ಡ್ ಅದು. 1950ರ ದಶಕದ ಕೊನೆಯಿಂದಲೇ ಡಯನಾಬಾಲ್ ಎಂಬ ಹೆಸರಲ್ಲಿ ಭಾರ ಎತ್ತುವವರಿಗೆ ಪರಿಚಿತ. ಸಿನಿ ಜೋಸ್, ಮನ್‌ದೀಪ್ ಕೌರ್ ಮೊದಲಾದ ಸಹ ಓಟಗಾರ್ತಿಯರೂ ಸಿಕ್ಕಿಬಿದ್ದರು.

ಉಕ್ರೇನಿನ ಕೋಚ್ ಯೂರಿ ಒಗೊರೊಡ್ನಿಕ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಎಂಬ ಗಿಡಮೂಲಿಕೆಯಲ್ಲೇ ಆ ಸ್ಟೀರಾಯ್ಡ್ ಬೆರೆತಿತ್ತು ಎಂದರು ಓಟಗಾರ್ತಿಯರು. ಕೋಚ್ ಕೆಲಸ ಕಳೆದುಕೊಂಡರು. ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾದ ಶಿಸ್ತು ಸಮಿತಿ ಹುಡುಗಿಯರಿಗೆ ಒಂದು ವರ್ಷದ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಫೆಡರೇಷನ್ ಮೇಲ್ಮನವಿ ಹೋಯಿತು. 2012ರ ಜುಲೈನಲ್ಲಿ ಕ್ರೀಡಾ ನ್ಯಾಯಮಂಡಳಿ ನಿಷೇಧವನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ನಡೆಯುವಾಗ ಅಶ್ವಿನಿ ಹೊರಗಿದ್ದರು.

ಕಾನೂನಿನ ಮಾತು ಸ್ಪಷ್ಟ: ಯಾರು ಕೊಟ್ಟರು, ಯಾಕೆ ಕೊಟ್ಟರು ಎಂಬುದು ಆಮೇಲೆ, ದೇಹದೊಳಗೆ ಸಿಕ್ಕಿದ್ದಕ್ಕೆ ಆಟಗಾರರೇ ಹೊಣೆ. ಈ ನಿಯಮ ಬೇಡ ಎನ್ನಲಾರೆ. ಇದಿಲ್ಲದಿದ್ದರೆ ಸಿಕ್ಕವರೆಲ್ಲ ‘ಗೊತ್ತಿರಲಿಲ್ಲ’ ಎಂದು ಪಾರಾಗುತ್ತಾರೆ, ನಾಲ್ಕನೇ ಸ್ಥಾನಕ್ಕೆ ಬಂದ ಪ್ರಾಮಾಣಿಕ ಹುಡುಗಿಗೆ ಪದಕ ತಪ್ಪುತ್ತದೆ. ಆದರೆ ಮಾಸ್ಟ್ರು ಹೇಳಿದ್ದಕ್ಕೆ ಎದುರು ಕೇಳಬಾರದು ಎಂದು ಮಕ್ಕಳಿಗೆ ಕಲಿಸಿದವರು ನಾವೇ ಅಲ್ಲವೇ? ಶಿಬಿರದಲ್ಲಿ ಕೋಚ್ ಕೈಗೆ ಕೊಟ್ಟದ್ದನ್ನು ‘ಇದೇನು, ಪರೀಕ್ಷೆ ಮಾಡಿಸಿದ್ದೀರಾ’ ಎಂದು ಕೇಳುವ ಧೈರ್ಯ ಇಪ್ಪತ್ಮೂರರ ಹುಡುಗಿಗೆ ಎಲ್ಲಿಂದ ಬರಬೇಕು? ನನಗೆ ಈಗಲೂ ಸಂಕಟವಾಗುವುದು ಇಲ್ಲೇ.

ಇವತ್ತು ಬೈಂದೂರು, ಬ್ರಹ್ಮಾವರದ ಮಕ್ಕಳೂ ಜಿಮ್‌ಗೆ ಹೋಗುತ್ತಾರೆ, ಪ್ರೊಟೀನ್ ಪುಡಿ ಕೊಳ್ಳುತ್ತಾರೆ. ಡಬ್ಬಿಯ ಮೇಲೆ ಬರೆಯದ ವಸ್ತುವೂ ಒಳಗಿರಬಹುದು. ಕೆಲವು ಶೀತದ ಮಾತ್ರೆಗಳಲ್ಲಿರುವ ಸೂಡೋಎಫೆಡ್ರಿನ್ ಕೂಡ ಸ್ಪರ್ಧೆಯ ದಿನ ಮಿತಿ ಮೀರಿದರೆ ನಿಷಿದ್ಧ. ನಿಷೇಧಿತ ವಸ್ತುಗಳ ಹೊಸ ಪಟ್ಟಿ ಪ್ರತಿ ವರ್ಷ ಜನವರಿ 1ಕ್ಕೆ ಜಾರಿಗೆ ಬರುತ್ತದೆ. ಇಲ್ಲಿ ಕುಳಿತಿರುವ ದೈಹಿಕ ಶಿಕ್ಷಕರಲ್ಲಿ ನನ್ನ ಕೋರಿಕೆ: ಅದರ ಮುಖ್ಯ ಹೆಸರುಗಳನ್ನು ಕನ್ನಡದಲ್ಲಿ ಬರೆದು ಶಾಲೆಯ ಆಟದ ಕೋಣೆಯಲ್ಲಿ ಅಂಟಿಸಿ. ನೀವು ಕೊಡುವುದನ್ನೂ ಸೇರಿಸಿ ಪ್ರಶ್ನಿಸಲು ಮಕ್ಕಳಿಗೆ ಹೇಳಿಕೊಡಿ.